ವಿಶ್ವವಿದ್ಯಾಲಯದ ಸಂಶೋಧನೆ ಸರ್ಕಾರದ ತನಕ ಹೋಗುತ್ತದಾ, ಇಲ್ಲ ಕಪಾಟಿನಲ್ಲೇ ಉಳಿಯುತ್ತದಾ?

ಕರಿಹಲಗೆ (ಭಾನುವಾರ, ರಾತ್ರಿ 9:10)
ಎಲ್ಲರಿಗೂ ನಮಸ್ಕಾರ. ಪ್ರಶ್ನೆ ಸ್ವಲ್ಪ ಉದ್ದ ಇದೆ, ತಾಳ್ಮೆ ಇರಲಿ.

ನಾನು ಅರ್ಥಶಾಸ್ತ್ರದಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ. ಜೊತೆಗೆ ಒಂದು ಡಿಗ್ರಿ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ. ವಿಷಯ, ಬಿಸಿಯೂಟದ ಅಡುಗೆಯವರ ದುಡಿಮೆ. ಐದನೇ ವರ್ಷ ನಡೆಯುತ್ತಿದೆ (ಇದರ ಬಗ್ಗೆ ಮನೆಯಲ್ಲಿ ಮಾತೆತ್ತುವುದು ನಿಷಿದ್ಧ).

ಹೋದ ವಾರ ಪ್ರಶ್ನಾವಳಿ ಹಿಡಿದು ಒಂದು ಹಳ್ಳಿ ಶಾಲೆಗೆ ಹೋಗಿದ್ದೆ. ಮುಖ್ಯ ಅಡುಗೆಯವರು ಐವತ್ತರ ಆಸುಪಾಸಿನವರು. ಬೇಳೆ ತೊಳೆಯುತ್ತಾ ಮುಕ್ಕಾಲು ಗಂಟೆ ನನ್ನ ಪ್ರಶ್ನೆಗೆಲ್ಲ ಉತ್ತರ ಕೊಟ್ಟರು. ಕೊನೆಗೆ ಅವರೇ ಒಂದು ಪ್ರಶ್ನೆ ಕೇಳಿದರು.

"ಇದನ್ನೆಲ್ಲ ಬರಕೊಂಡು ಹೋಗಿ ಯಾರಿಗೆ ಕೊಡ್ತಿಯವ್ವಾ?"
"ಯೂನಿವರ್ಸಿಟಿಗೆ."
"ಅವರು ಯಾರಿಗೆ ಕೊಡ್ತಾರ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ನಕ್ಕು, ಚಹಾ ಕುಡಿದು ಬಂದೆ. ಅವತ್ತಿನಿಂದ ಅದೇ ತಲೆಯಲ್ಲಿ ಕೂತಿದೆ. ನಮ್ಮಂಥವರು ಬರೆದದ್ದು ಬೆಂಗಳೂರಿಗೋ ದೆಹಲಿಗೋ ಮುಟ್ಟಿ, ಅದರಿಂದ ಒಂದು ಯೋಜನೆ ಬದಲಾದದ್ದು ನಿಮಗೆ ಗೊತ್ತಾ? ಭಾಷಣ ಬೇಡ, ನಿಜವಾದ ಉದಾಹರಣೆ ಬೇಕು.

ಗೊಜ್ಜವಲಕ್ಕಿ
ಸುಲಭ ಉತ್ತರ: ಇಲ್ಲ. ಪ್ರಬಂಧ ಓದುವವರು ಮೂರೇ ಜನ. ಬರೆದವರು, ಗೈಡು, ಟೈಪ್ ಮಾಡಿದವರು. ಮೂರನೆಯವರು ಮಾತ್ರ ಪೂರ್ತಿ ಓದಿರುತ್ತಾರೆ.

ತುಂಗಾತೀರ
ಗೊಜ್ಜವಲಕ್ಕಿಯವರೇ 😂 ಆದರೆ ಗೈಡು ಓದುತ್ತಾರೆ ಅನ್ನುವುದೂ ನಿಮ್ಮ ದೊಡ್ಡ ಮನಸ್ಸು.

ಜೋಳದರೊಟ್ಟಿ
ಮೇಡಂ, ನಿಮ್ಮ ಬಿಸಿಯೂಟದಲ್ಲೇ ಉದಾಹರಣೆ ಇದೆಯಲ್ಲ. ಮೊಟ್ಟೆ!

2021ರ ಡಿಸೆಂಬರ್‌ನಲ್ಲಿ ನಮ್ಮ ಕಲ್ಯಾಣ ಕರ್ನಾಟಕದ ಕಡೆಯ ಜಿಲ್ಲೆಗಳಲ್ಲಿ ಮಾತ್ರ ಶಾಲೆಯಲ್ಲಿ ಮೊಟ್ಟೆ ಶುರು ಮಾಡಿದರು. ಎಷ್ಟು ಗಲಾಟೆ ಆಯಿತು ನೆನಪಿದೆಯಾ? ಆಮೇಲೆ ಗದಗದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯದವರು ಒಂದು ಅಧ್ಯಯನ ಮಾಡಿದರು. ಮೊಟ್ಟೆ ಕೊಟ್ಟ ಯಾದಗಿರಿಯ ಮಕ್ಕಳು ಒಂದು ಕಡೆ, ಮೊಟ್ಟೆ ಇಲ್ಲದ ಗದಗದ ಮಕ್ಕಳು ಇನ್ನೊಂದು ಕಡೆ. ಎಂಟನೇ ತರಗತಿ ಹುಡುಗಿಯರಲ್ಲಿ ತೂಕದ ಏರಿಕೆ 71% ತನಕ ಜಾಸ್ತಿ ಕಂಡಿತು. ಅದು 2022ರ ಜುಲೈನಲ್ಲಿ ಪೇಪರಿನಲ್ಲೆಲ್ಲ ಬಂತು. ಅದೇ ಹೊತ್ತಿಗೆ ಸರ್ಕಾರ ಮೊಟ್ಟೆಯನ್ನು ಇಡೀ ರಾಜ್ಯಕ್ಕೆ ವಿಸ್ತರಿಸಿತು. ವಿಶ್ವವಿದ್ಯಾಲಯ ಅಳೆಯಿತು, ಸರ್ಕಾರ ಕೇಳಿತು. ಇನ್ನೇನು ಬೇಕು?

ಅಂಕಿಅಂಶ
71% ಅನ್ನುವುದನ್ನು ಹುಷಾರಾಗಿ ಹೇಳಬೇಕು ರೀ. ಮಕ್ಕಳು 71% ದಪ್ಪ ಆದರು ಅಂತ ನನ್ನ ಸೋದರಮಾವ ವಾಟ್ಸಾಪಿನಲ್ಲಿ ಕಳಿಸಿದ್ದರು. ಅದು ತೂಕ ಅಲ್ಲ, ತೂಕದ *ಏರಿಕೆ*ಯಲ್ಲಿನ ವ್ಯತ್ಯಾಸ. ಸುಮ್ನೆ ಲೆಕ್ಕಕ್ಕೆ ಹೇಳುವುದಾದರೆ, ಗದಗದ ಹುಡುಗಿ 1 ಕಿಲೋ ಏರಿದರೆ ಯಾದಗಿರಿಯವಳು 1 ಕಿಲೋ 710 ಗ್ರಾಂ. ಅದೂ "ತನಕ". ಅಂದರೆ ಎಲ್ಲ ತರಗತಿಗೂ ಅಷ್ಟೇ ಅಂತ ಅಲ್ಲ, ಅತಿ ಹೆಚ್ಚು ಕಂಡ ಗುಂಪಿನ ಸಂಖ್ಯೆ ತಲೆಬರಹಕ್ಕೆ ಹೋಯಿತು.

ಇನ್ನೊಂದು ತಕರಾರು. ಯಾದಗಿರಿ ಮತ್ತು ಗದಗ ಒಂದೇ ತರಹದ ಜಿಲ್ಲೆಗಳಾ? ಯಾದಗಿರಿಯಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಅರ್ಧಕ್ಕೂ ಹೆಚ್ಚು ಜನ ವಯಸ್ಸಿಗೆ ತಕ್ಕ ಎತ್ತರ ಇಲ್ಲದವರು. ತೀರಾ ಸೊರಗಿದ ಮಕ್ಕಳಿಗೆ ಏನೇ ಒಳ್ಳೆಯದು ಕೊಟ್ಟರೂ ಬೇಗ ತೂಕ ಹಿಡಿಯುತ್ತಾರೆ. ಜೊತೆಗೆ ಅದು ಕೋವಿಡ್ ಮುಗಿದು ಶಾಲೆ ಪುನಃ ತೆರೆದ ವರ್ಷ. ಮೊಟ್ಟೆಯಿಂದ ಎಷ್ಟು, ಮತ್ತೆ ದಿನಾ ಊಟ ಸಿಕ್ಕಿದ್ದರಿಂದ ಎಷ್ಟು, ಹೇಗೆ ಬೇರೆ ಮಾಡುತ್ತೀರಿ?

ಜೋಳದರೊಟ್ಟಿ
ಗದಗದಲ್ಲೂ ಶಾಲೆ ಮುಚ್ಚಿತ್ತು, ಅಲ್ಲೂ ತೆರೆಯಿತು. ಬಿಸಿಯೂಟ ಅಲ್ಲೂ ಇತ್ತು. ಹೋಲಿಕೆ ಮಾಡುವುದೇ ಅದಕ್ಕೆ ಅಲ್ವಾ?

ಅಂಕಿಅಂಶ
ಒಪ್ಪಿದೆ. ಆದರೆ ಎರಡು ಜಿಲ್ಲೆ ಒಂದೇ ತರಹ ಅಲ್ಲ ಅನ್ನುವ ತಕರಾರು ಹಾಗೇ ಇದೆ. ಮೊಟ್ಟೆ ಬೇಡ ಅನ್ನುತ್ತಿಲ್ಲ, ನಾನೇ ದಿನಕ್ಕೆ ಎರಡು ತಿನ್ನುತ್ತೇನೆ. ಪುರಾವೆ ಗಟ್ಟಿ ಇರಲಿ ಅಂತ ಅಷ್ಟೇ.

ಮೇಷ್ಟ್ರು ಸುರಪುರ
ಇಬ್ಬರಿಗೂ ನಮಸ್ಕಾರ. ನಾನು ಯಾದಗಿರಿ ಜಿಲ್ಲೆಯ ಸರ್ಕಾರಿ ಶಾಲೆ ಮಾಸ್ತರ. ನೀವು ಅಂಕಿ ನೋಡಿದ್ದೀರಿ, ನಾನು ಬುಟ್ಟಿ ನೋಡಿದ್ದೇನೆ.

ಮೊದಲ ದಿನ ಮೊಟ್ಟೆ ಕೊಟ್ಟಾಗ ಮಕ್ಕಳು ತಿನ್ನಲಿಲ್ಲ. ತಿನ್ನಲು ಇಷ್ಟ ಇಲ್ಲದೆ ಅಲ್ಲ. ಚಡ್ಡಿ ಜೇಬಿನಲ್ಲಿ ಇಟ್ಟುಕೊಂಡರು, ಮನೆಯಲ್ಲಿ ತಂಗಿಗೆ ಕೊಡಲು. ಒಬ್ಬ ಹುಡುಗನ ಜೇಬಿನಲ್ಲಿ ಅದು ಒಡೆದು ದೊಡ್ಡ ರಾದ್ಧಾಂತ ಆಯಿತು. ಆಮೇಲೆ ನಾವು ಎದುರಿಗೇ ಕೂತು ತಿನ್ನಿಸುವ ನಿಯಮ ಮಾಡಿಕೊಂಡೆವು. ಇಂಥದ್ದು ಯಾವ ಪ್ರಶ್ನಾವಳಿಯಲ್ಲಿ ಬರುತ್ತದೆ ಹೇಳಿ.

ಮತ್ತೆ ಆಗ ಒಂದು ಮೊಟ್ಟೆಗೆ 6 ರೂಪಾಯಿ ಲೆಕ್ಕ. ಕೊಳ್ಳುವುದು, ತರುವುದು, ಬೇಯಿಸುವುದು, ಸಿಪ್ಪೆ ಬಿಡಿಸುವುದು ಎಲ್ಲ ಅದರಲ್ಲೇ. ಅಂಗಡಿಯಲ್ಲಿ ದರ ಏರಿದ ವಾರ ಹೆಡ್‌ಮಾಸ್ತರರ ಕಿಸೆಗೆ ಕತ್ತರಿ.

ಕಡಲತಡಿ
ಮೇಷ್ಟ್ರೇ, ತಂಗಿಗೆ ಅಂತ ಇಟ್ಟುಕೊಂಡ ಆ ಮಗು ಇದೆಯಲ್ಲ, ಅದೇ ದೊಡ್ಡ ಸಂಶೋಧನೆ ಮಾರಾಯ್ರೆ.

ಕರಿಹಲಗೆ
@ಮೇಷ್ಟ್ರು ಸರ್, ಸಿಪ್ಪೆ ಬಿಡಿಸುವವರು ಯಾರು? ಅಡುಗೆಯವರಾ, ಮಕ್ಕಳಾ? ನನ್ನ ಐದನೇ ಅಧ್ಯಾಯ ಪೂರ್ತಿ ಅದರ ಮೇಲೇ ನಿಂತಿದೆ, ನಗಬೇಡಿ.

ಹಳೇಪೇಪರ್
ಬಿಸಿಯೂಟದ ಕಥೆ ಇನ್ನೂ ಹಿಂದಕ್ಕೆ ಹೋಗುತ್ತದೆ. ರಾಷ್ಟ್ರಮಟ್ಟದ ಉದಾಹರಣೆ ಬೇಕಾದರೆ ಇದಕ್ಕಿಂತ ಒಳ್ಳೆಯದು ಸಿಗುವುದಿಲ್ಲ.

1996ರಲ್ಲಿ ದೆಹಲಿ ಸ್ಕೂಲ್ ಆಫ್ ಎಕನಾಮಿಕ್ಸ್ ಸುತ್ತಮುತ್ತ ಇದ್ದ ಒಂದು ಸಂಶೋಧಕರ ತಂಡ ಉತ್ತರ ಭಾರತದ ಹಳ್ಳಿ ಶಾಲೆಗಳಿಗೆ ಹೇಳದೆ ಕೇಳದೆ ನುಗ್ಗಿ ಸಮೀಕ್ಷೆ ಮಾಡಿತು. ಅರ್ಥಶಾಸ್ತ್ರಜ್ಞ ಜೀನ್ ಡ್ರೇಜ್ ಅದರಲ್ಲಿದ್ದರು. 1999ರಲ್ಲಿ ವರದಿ ಬಂತು, ಹೆಸರು ಪ್ರೋಬ್. ಇವರು ಹೋದ ಹೊತ್ತಿಗೆ ಸುಮಾರು ಅರ್ಧ ಶಾಲೆಗಳಲ್ಲಿ ಪಾಠವೇ ನಡೆಯುತ್ತಿರಲಿಲ್ಲ. ಆಗೆಲ್ಲ ಜಾಸ್ತಿ ಕೇಳುತ್ತಿದ್ದ ಮಾತು, ಬಡವರಿಗೆ ಮಕ್ಕಳನ್ನು ಓದಿಸುವ ಮನಸ್ಸಿಲ್ಲ ಅಂತ. ವರದಿ ಆ ಮಾತನ್ನು ಮುರಿಯಿತು. ಮನಸ್ಸು ಇತ್ತು, ಶಾಲೆ ಇರಲಿಲ್ಲ.

ಆಮೇಲೆ 2001ರ ನವೆಂಬರ್ 28ಕ್ಕೆ ಸುಪ್ರೀಂ ಕೋರ್ಟ್, ಎಲ್ಲ ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲೂ ಬೇಯಿಸಿದ ಊಟ ಕೊಡಿ ಅಂತ ಆದೇಶ ಮಾಡಿತು. ಅದಕ್ಕೂ ಮುಂಚೆ ಹೆಚ್ಚಿನ ರಾಜ್ಯಗಳು ಅಕ್ಕಿ ಗೋಧಿ ಅಳೆದು ಕೊಟ್ಟು ಕೈತೊಳೆದುಕೊಳ್ಳುತ್ತಿದ್ದವು. ಕರ್ನಾಟಕದಲ್ಲಿ 2002ರಲ್ಲಿ ಈಶಾನ್ಯದ ಏಳು ಜಿಲ್ಲೆಗಳಲ್ಲಿ ಅಕ್ಷರ ದಾಸೋಹ (ನಮ್ಮ ಬಿಸಿಯೂಟ ಯೋಜನೆ) ಶುರುವಾಯಿತು, ಮರುವರ್ಷ ಉಳಿದ ಕಡೆ. 2003ರಲ್ಲಿ ಅದೇ ಡ್ರೇಜ್ ಮತ್ತು ಸಂಗಡಿಗರು ರಾಜಸ್ಥಾನ, ಛತ್ತೀಸ್‌ಗಢ, ಕರ್ನಾಟಕದ ಶಾಲೆಗಳನ್ನು ಸುತ್ತಿ ನೋಡಿದರು. ಊಟ ಬಂದ ಮೇಲೆ ಒಂದನೇ ತರಗತಿಗೆ ಸೇರುವವರು, ಅದರಲ್ಲೂ ಹೆಣ್ಣುಮಕ್ಕಳು, ಹೆಚ್ಚಾಗಿದ್ದರು. "ಶಾಲೆಯನ್ನು ಹೋಟೆಲ್ ಮಾಡಿದರು" ಅಂತ ಗೊಣಗುತ್ತಿದ್ದವರಿಗೆ ಅದು ಉತ್ತರ ಆಯಿತು.

ಫೈಲ್‌ನಂಬರ್
ಇಲ್ಲಿ ಒಂದು ತಿದ್ದುಪಡಿ. ಸಂಶೋಧನೆ ಬಂತು, ಆದ್ದರಿಂದ ಕೋರ್ಟ್ ಆದೇಶ ಬಂತು ಅಂತ ಗೆರೆ ಎಳೆಯಬೇಡಿ. ಆ ಕೇಸು ಶುರುವಾದದ್ದು ಬರಗಾಲದಿಂದ. ಗೋದಾಮಿನಲ್ಲಿ ಧಾನ್ಯ ಕೊಳೆಯುತ್ತಿತ್ತು, ಜನ ಹಸಿದಿದ್ದರು. ನಾಗರಿಕ ಹಕ್ಕುಗಳ ಸಂಘಟನೆ ಪಿಯುಸಿಎಲ್‌ನವರು ರಾಜಸ್ಥಾನದಿಂದ ಅರ್ಜಿ ಹಾಕಿದರು. ಜೊತೆಗೆ ತಮಿಳುನಾಡಿನಲ್ಲಿ ಎಂಜಿಆರ್ 1982ರಲ್ಲೇ ದೊಡ್ಡ ಮಟ್ಟದಲ್ಲಿ ಮಾಡಿ ತೋರಿಸಿದ್ದರು. ಅವರು ಯಾವ ಸಮೀಕ್ಷೆಗೂ ಕಾಯಲಿಲ್ಲ.

ನಾನು ಇಪ್ಪತ್ತು ಚಿಲ್ಲರೆ ವರ್ಷ ಸಚಿವಾಲಯದಲ್ಲಿ ಕಡತ ಹೊತ್ತವನು, ಈಗ ನಿವೃತ್ತ. ನಾನು ಕಂಡ ಹಾಗೆ, ಯಾವ ಅಧಿಕಾರಿಯೂ ಬೆಳಿಗ್ಗೆ ಎದ್ದು "ಇವತ್ತು ಯಾವ ಪ್ರಬಂಧ ಓದಲಿ" ಅಂದುಕೊಳ್ಳುವುದಿಲ್ಲ. ಅವರಿಗೆ ಒಂದು ತೀರ್ಮಾನ ತೆಗೆದುಕೊಳ್ಳುವ ಒತ್ತಡ ಇರುತ್ತದೆ. ಯಾರೋ ವಿರೋಧ ಮಾಡುತ್ತಿರುತ್ತಾರೆ. ಆಗ "ಏನಾದರೂ ಆಧಾರ ಇದೆಯೇನ್ರಿ?" ಅಂತ ಕೇಳುತ್ತಾರೆ. ಆ ಗಳಿಗೆಯಲ್ಲಿ ಮೇಜಿನ ಮೇಲೆ ಏನಿರುತ್ತದೋ ಅದು ನೀತಿ. ಗದಗದ ಅಧ್ಯಯನವೂ ಹಾಗೆಯೇ. ಅದನ್ನು ಕೇಳಿದ್ದು ಶಿಕ್ಷಣ ಇಲಾಖೆಯೇ. ಕೇಳಿ ಮಾಡಿಸಿದ್ದಕ್ಕೆ ಓದಿದರು.

ಗೊಜ್ಜವಲಕ್ಕಿ
ಅಂದರೆ ಮದುವೆ ನಿಶ್ಚಯ ಆದ ಮೇಲೆ ಜಾತಕ ಕೂಡಿಸಿದ ಹಾಗೆ.

ಫೈಲ್‌ನಂಬರ್
ಹೆಚ್ಚುಕಮ್ಮಿ. ಆದರೆ ಜಾತಕ ಕೂಡದೆ ನಿಂತುಹೋದ ಮದುವೆಗಳೂ ಇವೆ.

ಕಡಲತಡಿ
ಅದೇ 2022ರ ಜುಲೈನಲ್ಲಿ ಇನ್ನೊಂದು ತಮಾಷೆ ಆಯಿತು, ಯಾರಿಗಾದರೂ ನೆನಪಿದೆಯಾ? ರಾಷ್ಟ್ರೀಯ ಶಿಕ್ಷಣ ನೀತಿಗೆ ಅಂತ ರಾಜ್ಯದಲ್ಲಿ ಮಾಡಿದ್ದ ಒಂದು ತಜ್ಞರ ಸಮಿತಿಯ ಪತ್ರ ಹೊರಗೆ ಬಂತು. ಅದರಲ್ಲಿ ಮೊಟ್ಟೆ, ಮಾಂಸ ದಿನಾ ತಿಂದರೆ ಹಾರ್ಮೋನು ಏರುಪೇರಾಗುತ್ತದೆ ಅನ್ನುವ ಅರ್ಥದ ಮಾತಿತ್ತು. ಒಂದೇ ರಾಜ್ಯ, ಒಂದೇ ತಿಂಗಳು. ಒಂದು ಕಡೆ ಮಕ್ಕಳನ್ನು ತೂಗಿ ಬಂದ ವರದಿ, ಇನ್ನೊಂದು ಕಡೆ ತೂಗದೆ ಬಂದ ವರದಿ. ಎರಡೂ "ತಜ್ಞರದ್ದು".

ನೆಲಗಡಲೆ
ಸಸ್ಯಾಹಾರಿ ಮಕ್ಕಳ ಬಗ್ಗೆ ಯಾರೂ ಮಾತಾಡುತ್ತಿಲ್ಲ. ನಮ್ಮ ಮನೆಯಲ್ಲಿ ಮೊಟ್ಟೆ ತಿನ್ನುವುದಿಲ್ಲ. ಪಕ್ಕದ ಎಲೆಯಲ್ಲಿ ಮೊಟ್ಟೆ ಇದ್ದರೆ ನಮ್ಮ ಮಗು ಊಟ ಬಿಟ್ಟು ಏಳುತ್ತದೆ. ಅದನ್ನೂ ಅಳೆಯಿರಿ.

ಜೋಳದರೊಟ್ಟಿ
ಬಾಳೆಹಣ್ಣು, ಚಿಕ್ಕಿ ಕೊಡುತ್ತಾರಲ್ಲ ರೀ. ಯಾರ ಬಾಯಿಗೂ ತುರುಕುತ್ತಿಲ್ಲ.

ನೆಲಗಡಲೆ
ಚಿಕ್ಕಿಯಲ್ಲಿ ಅಷ್ಟೇ ಪ್ರೋಟೀನ್ ಇದೆಯಾ? ಇದ್ದರೆ ಎಲ್ಲರಿಗೂ ಚಿಕ್ಕಿಯೇ ಕೊಡಿ. ಇಲ್ಲದಿದ್ದರೆ ನಮ್ಮ ಮಕ್ಕಳಿಗೆ ಯಾಕೆ ಕಡಿಮೆ?

ಅಂಕಿಅಂಶ
ನಿಜ ಹೇಳಬೇಕೆಂದರೆ ಇದು ಒಳ್ಳೆಯ ಪ್ರಶ್ನೆ. ಬಾಳೆಹಣ್ಣು ಮೊಟ್ಟೆಗೆ ಸಮ ಅಲ್ಲವೇ ಅಲ್ಲ. ಚಿಕ್ಕಿಯಲ್ಲಿ ಕಡಲೆಕಾಯಿ ಇದೆ, ಆದರೂ ಮೊಟ್ಟೆಯ ಬಿ12 ಅದರಲ್ಲಿಲ್ಲ. ಹಾಲು ಹತ್ತಿರ ಬರುತ್ತದೆ. ಶಾಲೆಯಲ್ಲಿ ಹಾಲು ಕೊಡುವ ಕ್ಷೀರಭಾಗ್ಯ 2013ರಿಂದ ಇದೆ.

ಮೇಷ್ಟ್ರು ಸುರಪುರ
ನಮ್ಮ ಶಾಲೆಯಲ್ಲಿ ಮೊದಲ ತಿಂಗಳು ಬಾಳೆಹಣ್ಣು ಬೇಕು ಅಂದ ಮಕ್ಕಳು ಹನ್ನೊಂದು. ಮೂರನೇ ತಿಂಗಳಿಗೆ ನಾಲ್ಕು. ಉಳಿದ ಏಳು ಜನರ ಮನೆಯಲ್ಲಿ ಈ ವಿಷಯ ಗೊತ್ತಾ ಅಂತ ನಾನು ಕೇಳಲಿಲ್ಲ, ನೀವೂ ಕೇಳಬೇಡಿ.

ಮೇಲ್ವಿಚಾರಕ
ಮಠ, ಧರ್ಮ, ಪಕ್ಷ ಕುರಿತ ಆರು ಉತ್ತರಗಳನ್ನು ತೆಗೆದಿದ್ದೇನೆ. ಆ ಜಗಳಕ್ಕೆ ಬೇರೆ ಎಳೆ ಇದೆ. ಇಲ್ಲಿ ಸಂಶೋಧನೆ ಮತ್ತು ನೀತಿ.

ದೂರದೇಶಿ
ನಾನು ನೆದರ್‌ಲ್ಯಾಂಡ್ಸ್‌ನಿಂದ. ಇಲ್ಲಿ ನಮಗೆ ಪಾಠ ಮಾಡುವಾಗ ಯಾವಾಗಲೂ ಮೆಕ್ಸಿಕೋದ ಪ್ರೊಗ್ರೆಸಾ ಉದಾಹರಣೆ. 1997ರಲ್ಲಿ ಶುರುವಾಯಿತು. ಮಕ್ಕಳನ್ನು ಶಾಲೆಗೆ ಕಳಿಸಿದ, ಆಸ್ಪತ್ರೆಗೆ ತೋರಿಸಿದ ತಾಯಂದಿರಿಗೆ ಹಣ. 506 ಹಳ್ಳಿ ಆರಿಸಿ, ಚೀಟಿ ಎತ್ತಿದ ಹಾಗೆ 320ಕ್ಕೆ ಮೊದಲು ಕೊಟ್ಟರು, 186ಕ್ಕೆ ಆಮೇಲೆ. ಎರಡನ್ನೂ ಅಳೆದು ಹೋಲಿಸಿದರು. 2000ದಲ್ಲಿ ಸರ್ಕಾರವೇ ಬದಲಾಯಿತು, ಆದರೂ ಯೋಜನೆ ಹೆಸರು ಬದಲಿಸಿಕೊಂಡು ಬದುಕಿತು. ಅಂಕಿ ಗಟ್ಟಿ ಇದ್ದದ್ದೂ ಅದಕ್ಕೆ ಒಂದು ಕಾರಣ. ನಮ್ಮಲ್ಲೂ ಮೊಟ್ಟೆಗೆ ಹಾಗೆ ಮಾಡಿದ್ದರೆ @ಅಂಕಿಅಂಶ ಅವರ ತಕರಾರೇ ಇರುತ್ತಿರಲಿಲ್ಲ.

ತುಂಗಾತೀರ
ಅರ್ಧ ಶಾಲೆಗೆ ಮೊಟ್ಟೆ ಕೊಟ್ಟು ಇನ್ನರ್ಧ ಶಾಲೆಯ ಹಸಿದ ಮಕ್ಕಳನ್ನು ಬರೀ ತೂಗುವುದಾ? ಮೊಟ್ಟೆ ಒಳ್ಳೆಯದು ಅಂತ ತಿಳಿಯಲು ಪ್ರಯೋಗ ಬೇಕಾ? ನಮ್ಮ ಅಜ್ಜಿಗೆ ಗೊತ್ತಿತ್ತು. ಡ್ರೇಜ್ ಕೂಡ ಇದೇ ಮೊಟ್ಟೆಯ ಉದಾಹರಣೆ ಇಟ್ಟುಕೊಂಡು ಬರೆದಿದ್ದಾರೆ. ಪುರಾವೆ ಸಿಕ್ಕಿದ ತಕ್ಷಣ ನೀತಿ ಹುಟ್ಟುವುದಿಲ್ಲ, ನಡುವೆ ಯಾರ ಮಾತು ನಡೆಯುತ್ತದೆ ಅನ್ನುವುದೂ ಇದೆ ಅನ್ನುವ ಧಾಟಿಯಲ್ಲಿ.

ದೂರದೇಶಿ
ಮೊಟ್ಟೆಯನ್ನು ಮೊದಲು ಹೇಗೂ ಏಳು ಜಿಲ್ಲೆಗೆ ಮಾತ್ರ ಕೊಟ್ಟರಲ್ಲ. ಕೊಡದಿದ್ದ ಜಿಲ್ಲೆಗಳ ಮಕ್ಕಳೂ ಕಾಯಲೇಬೇಕಾಯಿತು. ಕಾಯುವುದು ಇದ್ದೇ ಇದೆ ಅಂದಮೇಲೆ ಸರಿಯಾಗಿ ಅಳೆಯಿರಿ ಅಂದೆ.

ತುಂಗಾತೀರ
ಹ್ಮ್. ಈ ಮಾತಿಗೆ ನಾಳೆ ಉತ್ತರ ಕೊಡುತ್ತೇನೆ. (ನಾಳೆ ಕೊಡುವುದಿಲ್ಲ ಅಂತ ಎಲ್ಲರಿಗೂ ಗೊತ್ತು.)

ಕೆಂಪುಮಣ್ಣು
ಎಲ್ಲರೂ ಮೊಟ್ಟೆಯಲ್ಲೇ ಸಿಕ್ಕಿಕೊಂಡಿದ್ದೀರಿ. ನಂಜುಂಡಸ್ವಾಮಿ ವರದಿ ಯಾಕೆ ಯಾರೂ ಹೇಳಲಿಲ್ಲ? ಕರ್ನಾಟಕದಲ್ಲಿ ಅದಕ್ಕಿಂತ ದೊಡ್ಡದಿಲ್ಲ.

ಹಳೇಪೇಪರ್
ನಂಜುಂಡಪ್ಪ. ನಂಜುಂಡಸ್ವಾಮಿಯವರು ರೈತ ಸಂಘದವರು, ಹಸಿರು ಶಾಲು. ಅವರೂ ಪ್ರೊಫೆಸರೇ ಆಗಿದ್ದರು, ಹಾಗಾಗಿ ಗೊಂದಲ ಸಹಜ.

ಕೆಂಪುಮಣ್ಣು
ಹೌದು ಹೌದು, ಕೈ ತಪ್ಪಿತು. ಡಿ.ಎಂ. ನಂಜುಂಡಪ್ಪ. ಅರ್ಥಶಾಸ್ತ್ರದ ಮೇಷ್ಟ್ರು, ಕರ್ನಾಟಕ ವಿಶ್ವವಿದ್ಯಾಲಯಕ್ಕೂ ಬೆಂಗಳೂರು ವಿಶ್ವವಿದ್ಯಾಲಯಕ್ಕೂ ಕುಲಪತಿ ಆಗಿದ್ದವರು. 2002ರಲ್ಲಿ ವರದಿ ಕೊಟ್ಟರು. ಆಗಿನ 175 ತಾಲ್ಲೂಕುಗಳನ್ನು 35 ಸೂಚಕ ಇಟ್ಟು ಅಳೆದರು. 114 ಹಿಂದುಳಿದಿವೆ ಅಂತ ಬಂತು. ಅದರಲ್ಲಿ 39 ಅತ್ಯಂತ ಹಿಂದುಳಿದವು, 40 ಅತಿ ಹಿಂದುಳಿದವು, 35 ಹಿಂದುಳಿದವು. ಎಂಟು ವರ್ಷದ ವಿಶೇಷ ಯೋಜನೆ ಮಾಡಿ ಅಂದರು.

ಇವತ್ತಿಗೂ ನಮ್ಮ ಕಡೆ ಯಾವುದೇ ಶಾಸಕರು ಮಾತಾಡಲಿ, "ನಂಜುಂಡಪ್ಪ ವರದಿ ಪ್ರಕಾರ ನಮ್ಮ ತಾಲ್ಲೂಕು" ಅಂತಲೇ ಶುರು ಮಾಡುತ್ತಾರೆ. ಒಂದು ಸಂಶೋಧನೆಯ ಹೆಸರು ಚಹಾದಂಗಡಿಯಲ್ಲಿ ಕೇಳುತ್ತದೆ ಅಂದರೆ ಇನ್ನೇನು ಬೇಕು? ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371ಜೆ ಬಂದಾಗಲೂ ವಾದಕ್ಕೆ ಇದೇ ಅಂಕಿ ಆಸರೆ ಆಯಿತು.

ಜೋಳದರೊಟ್ಟಿ
ಹೆಸರು ಚಹಾದಂಗಡಿಗೆ ಬಂತು, ದುಡ್ಡು ತಾಲ್ಲೂಕಿಗೆ ಬಂತಾ ಅದನ್ನೂ ಹೇಳಿ. ವಿಶೇಷ ಯೋಜನೆ ಜಾರಿಗೆ ಬರಲು 2007ರ ತನಕ ಕಾಯಬೇಕಾಯಿತು. ಇಟ್ಟ ಹಣ ಪೂರ್ತಿ ಖರ್ಚಾಗದೆ ಉಳಿದ ವರ್ಷಗಳಿವೆ. ಖರ್ಚಾದದ್ದರಲ್ಲೂ ಕಟ್ಟಡ, ರಸ್ತೆ ಜಾಸ್ತಿ. ಡಾಕ್ಟರು, ಮೇಷ್ಟ್ರು ಇಲ್ಲದ ತಾಲ್ಲೂಕಿಗೆ ಕಾಂಪೌಂಡ್ ಗೋಡೆ ಬಂತು.

ಫೈಲ್‌ನಂಬರ್
ಗೋಡೆ ಕಟ್ಟಿದ್ದನ್ನು ಮಾರ್ಚ್ 31ರೊಳಗೆ ತೋರಿಸಬಹುದು. ಮೇಷ್ಟ್ರನ್ನು ನೇಮಿಸುವುದಕ್ಕೆ ಮೂರು ವರ್ಷ ಬೇಕು. ಹಣ ಯಾವ ಕಡೆ ಹರಿಯುತ್ತದೆ ಅನ್ನುವುದನ್ನು ವರದಿ ಹೇಳಬಹುದು, ಆರ್ಥಿಕ ವರ್ಷ ಕೇಳಬೇಕಲ್ಲ.

ಆದರೆ ಆ ವರದಿ ಉಳಿದದ್ದು ಯಾಕೆ ಅಂತ ಯೋಚಿಸಿ. ಪ್ರತಿ ತಾಲ್ಲೂಕಿಗೂ ಒಂದು ಸಂಖ್ಯೆ ಕೊಟ್ಟರು. ನನ್ನ ತಾಲ್ಲೂಕು ಎಷ್ಟನೆಯದು ಅಂತ ಯಾರು ಬೇಕಾದರೂ ನೋಡಬಹುದು. ಬರೀ "ಪ್ರಾದೇಶಿಕ ಅಸಮತೋಲನದ ಬಹುಮುಖಿ ಆಯಾಮಗಳು" ಅಂತ ಬರೆದಿದ್ದರೆ ಅವತ್ತೇ ಇಲಿ ತಿನ್ನುತ್ತಿತ್ತು. 2024ರಲ್ಲಿ ಎಂ. ಗೋವಿಂದ ರಾವ್ ಅವರ ನೇತೃತ್ವದಲ್ಲಿ ಹೊಸದಾಗಿ ಅಳೆಯಲು ಮತ್ತೊಂದು ಸಮಿತಿ ಮಾಡಿದರು. ಅವರೂ ಅರ್ಥಶಾಸ್ತ್ರಜ್ಞರೇ. ಬೆಂಗಳೂರು ನಾಗರಭಾವಿಯ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆ, ಅಂದರೆ ಐಸೆಕ್‌ನ ನಿರ್ದೇಶಕರಾಗಿದ್ದವರು.

ತುಂಗಾತೀರ
ಐಸೆಕ್ ಅಂದ ಕೂಡಲೇ ನೆನಪಾಯಿತು. ಅದನ್ನು 1972ರಲ್ಲಿ ಕಟ್ಟಿದ ವಿ.ಕೆ.ಆರ್.ವಿ. ರಾವ್ ಇದ್ದರಲ್ಲ, ಅವರು ದೆಹಲಿ ಸ್ಕೂಲ್ ಆಫ್ ಎಕನಾಮಿಕ್ಸ್ ಕಟ್ಟಿದವರೂ ಹೌದು, ಕೇಂದ್ರದಲ್ಲಿ ಶಿಕ್ಷಣ ಮಂತ್ರಿ ಆಗಿದ್ದವರೂ ಹೌದು, ಬಳ್ಳಾರಿಯಿಂದ ಲೋಕಸಭೆಗೆ ಹೋದವರೂ ಹೌದು. ಆಗ ಸಂಶೋಧನೆ ಸರ್ಕಾರದ ತನಕ ಹೋಗುವುದು ಅಂದರೆ ಅದೇ ಮನುಷ್ಯ ಎದ್ದು ಪಕ್ಕದ ಕೋಣೆಗೆ ಹೋಗುವುದು, ಅಷ್ಟೇ.

ಅಂಕಿಅಂಶ
ಆ ಕಾಲದವರಿಗೆ ಒಂದು ಅನುಕೂಲ ಇತ್ತು. ದೆಹಲಿ ಕೇಳುತ್ತಿತ್ತು. ಪುಣೆಯ ಗೋಖಲೆ ಸಂಸ್ಥೆಯ ದಾಂಡೇಕರ್ ಮತ್ತು ರಥ್ ಸೇರಿ 1971ರಲ್ಲಿ ಬಡತನದ ಲೆಕ್ಕ ಹಾಕಿದರು. ಒಬ್ಬ ಮನುಷ್ಯನಿಗೆ ದಿನಕ್ಕೆ 2,250 ಕ್ಯಾಲೊರಿ ಸಿಗುವಷ್ಟು ಖರ್ಚು ಮಾಡುವ ಶಕ್ತಿ ಇದೆಯಾ ಇಲ್ಲವಾ ಅಂತ. ಪರಿಹಾರ ಅಂತ ಹೇಳಿದ್ದರಲ್ಲಿ ಮುಖ್ಯವಾದದ್ದು ಹಳ್ಳಿಗಳಲ್ಲಿ ಸರ್ಕಾರವೇ ದೊಡ್ಡದಾಗಿ ಕೂಲಿ ಕೆಲಸ ಕೊಡುವುದು. ಮಹಾರಾಷ್ಟ್ರದಲ್ಲಿ ಎಪ್ಪತ್ತರ ದಶಕದ ಬರಗಾಲದಲ್ಲಿ ಉದ್ಯೋಗ ಖಾತರಿ ಬೆಳೆಯಿತು, 1977ರಲ್ಲಿ ಕಾನೂನಾಯಿತು. ದೇಶಕ್ಕೆಲ್ಲ ಬಂದದ್ದು 2005ರಲ್ಲಿ. ಲೆಕ್ಕ ಹಾಕಿ ನೋಡಿ, 34 ವರ್ಷ.

ಕರಿಹಲಗೆ
34 ವರ್ಷ! ಅಷ್ಟರಲ್ಲಿ ನನ್ನ ಪಿಎಚ್‌ಡಿ ಮುಗಿಯಬಹುದು.

ಗೊಜ್ಜವಲಕ್ಕಿ
ಗ್ಯಾರಂಟಿ ಕೊಡಬೇಡಿ ಮೇಡಂ.

ಬಿಸಿಲುಕುದುರೆ
ನಾನು ಎಂಟು ವರ್ಷ ಸಮೀಕ್ಷೆಗಳಲ್ಲಿ ಫೀಲ್ಡ್ ಕೆಲಸ ಮಾಡಿದವನು. ದಿನಗೂಲಿ ಲೆಕ್ಕ, ಫಾರಂಗೆ ಇಷ್ಟು ಅಂತ. ನೀವೆಲ್ಲ ಅಂಕಿ ಇಟ್ಟುಕೊಂಡು ಜಗಳ ಆಡುವಾಗ ಆ ಅಂಕಿ ತಂದವರನ್ನೂ ಸ್ವಲ್ಪ ನೆನೆಸಿಕೊಳ್ಳಿ.

ಒಂದು ಸಂಸ್ಥೆಯ ಕೆಲಸಕ್ಕೆ ರಾಯಚೂರು ಕಡೆ ಹೋಗಿದ್ದೆ. ಮೇ ತಿಂಗಳು. 42 ಪುಟದ ಫಾರಂ, ದಿನಕ್ಕೆ ನಾಲ್ಕು ಮನೆ ಮುಗಿಸಲೇಬೇಕು. ಒಂದು ಮನೆಗೆ ಎರಡು ಗಂಟೆ ಬೇಕು. ಅದೂ ಜನ ಮನೆಯಲ್ಲಿ ಸಿಕ್ಕರೆ. ಜನ ಎಲ್ಲಿರುತ್ತಾರೆ? ಗುಳೆ ಹೋಗಿರುತ್ತಾರೆ. ನಮ್ಮ ತಂಡದಲ್ಲಿ ಇಬ್ಬರು ಬೇವಿನ ಮರದ ಕೆಳಗೆ ಕೂತು ಫಾರಂ ತುಂಬಿದ್ದನ್ನು ನಾನೇ ಕಣ್ಣಾರೆ ನೋಡಿದ್ದೇನೆ. "ನಿನ್ನೆ ಏನು ಊಟ ಮಾಡಿದಿರಿ" ಅನ್ನುವ ಕಡೆ ಎಲ್ಲರ ಮನೆಯಲ್ಲೂ ಅನ್ನ, ಬೇಳೆ, ಪಲ್ಯ. ಜೋಳದ ಊರಿನಲ್ಲಿ ಎಲ್ಲರೂ ಅನ್ನ ತಿಂದಿದ್ದಾರೆ! ಯಾಕೆಂದರೆ ತುಂಬಿದವರು ಇಬ್ಬರೂ ಮಂಡ್ಯ ಕಡೆಯವರು.

ಸುಳ್ಳು ತುಂಬಿದವರ ಮೇಲೆ ನನಗೆ ಸಿಟ್ಟಿಲ್ಲ. ಫಾರಂಗೆ ಅಷ್ಟು ಕಡಿಮೆ ಕೊಟ್ಟವರ ಮೇಲೆ ಇದೆ. ಕೊನೆಯ ಕಂತು ಇನ್ನೂ ಬಂದಿಲ್ಲ.

ಅಂಕಿಅಂಶ
ಮಂಡ್ಯದವರಾಗಿದ್ದರೆ ಮುದ್ದೆ ಅಂತ ಬರೆಯಬೇಕಿತ್ತಲ್ಲ 🙂 ಆದರೆ ಇದು ನಗುವ ವಿಷಯ ಅಲ್ಲ. ಅದೇ ಮನೆಗಳಿಗೆ ಮರುಭೇಟಿ ಕೊಟ್ಟು ತಪಾಸಣೆ ಮಾಡಲಿಲ್ಲವಾ?

ಬಿಸಿಲುಕುದುರೆ
ತಪಾಸಣೆಯ ಫಾರಂ ಕೂಡ ಅದೇ ಮರದ ಕೆಳಗೆ ತುಂಬಿದ್ದು.

ಎಲ್ಲ ಕಡೆ ಹೀಗಿಲ್ಲ, ಅದನ್ನೂ ಹೇಳಬೇಕು. ದೊಡ್ಡ ಆರೋಗ್ಯ ಸಮೀಕ್ಷೆಗಳಲ್ಲಿ ಕೈಯಲ್ಲಿ ಟ್ಯಾಬ್ ಕೊಡುತ್ತಾರೆ, ತೂಕದ ಯಂತ್ರ, ರಕ್ತ ಪರೀಕ್ಷೆ ಎಲ್ಲ ಇರುತ್ತದೆ. ಅಲ್ಲಿ ಮರದ ಕೆಳಗೆ ಕೂತರೆ ನಡೆಯುವುದಿಲ್ಲ.

ಹಳೇಪೇಪರ್
ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಅಂಥದ್ದು. 1992-93ರಲ್ಲಿ ಶುರು. ನಡೆಸುವುದು ಮುಂಬೈನ ಜನಸಂಖ್ಯಾ ಅಧ್ಯಯನ ಸಂಸ್ಥೆ ಐಐಪಿಎಸ್, ಅದೂ ಒಂದು ಡೀಮ್ಡ್ ವಿಶ್ವವಿದ್ಯಾಲಯವೇ. ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ 35.4% ಕುಂಠಿತ ಬೆಳವಣಿಗೆ, 65.5% ರಕ್ತಹೀನತೆ ಅಂತ ಅದರ ಐದನೇ ಸುತ್ತು ಹೇಳಿತು. ಈ ತರಹದ ಅಂಕಿ ಇಲ್ಲದಿದ್ದರೆ ಮೊಟ್ಟೆಯ ವಾದ ಶುರುವೇ ಆಗುತ್ತಿರಲಿಲ್ಲ.

ಆದರೆ ಅಂಕಿ ಹಿಡಿಸದಿದ್ದರೆ? 2017-18ರ ಗ್ರಾಹಕ ವೆಚ್ಚದ ಸಮೀಕ್ಷೆಯನ್ನು ಗುಣಮಟ್ಟದ ನೆಪ ಹೇಳಿ ಬಿಡುಗಡೆಯೇ ಮಾಡಲಿಲ್ಲ. 2023ರಲ್ಲಿ ಐಐಪಿಎಸ್ ನಿರ್ದೇಶಕರನ್ನು ಅಮಾನತು ಮಾಡಿದರು. ಸರ್ಕಾರ ಕೊಟ್ಟ ಕಾರಣ ನೇಮಕಾತಿಯಲ್ಲಿನ ಲೋಪ. ಸಮೀಕ್ಷೆಯ ಅಂಕಿ ರುಚಿಸದೆ ಹೋಯಿತು ಅಂತ ಬಹಳ ಜನ ಬರೆದರು. 2021ರ ಜನಗಣತಿ 2021ರಲ್ಲಿ ಆಗಲೇ ಇಲ್ಲ, ಹಾಗಾಗಿ ವರ್ಷಗಟ್ಟಲೆ ಎಲ್ಲ ಸಮೀಕ್ಷೆಗಳೂ 2011ರ ಪಟ್ಟಿ ಹಿಡಿದುಕೊಂಡೇ ಮನೆ ಹುಡುಕಿದವು.

ಗೊಜ್ಜವಲಕ್ಕಿ
2011ರಲ್ಲಿ ನಾನು ಮದುವೆ ಆಗಿರಲಿಲ್ಲ. ಆ ಪಟ್ಟಿಯ ಪ್ರಕಾರ ಸುಖವಾಗಿದ್ದೇನೆ.

ನೆಲಗಡಲೆ
ಇಷ್ಟೆಲ್ಲ ವರದಿ ಹೇಳಿದಿರಲ್ಲ, ಇದರಲ್ಲಿ ಕನ್ನಡದಲ್ಲಿ ಎಷ್ಟಿವೆ? ನಮ್ಮ ಊರಿನ ಬಗ್ಗೆ ಇಂಗ್ಲಿಷ್‌ನಲ್ಲಿ ಬರೆದು, ಇಂಗ್ಲಿಷ್ ಪತ್ರಿಕೆಯಲ್ಲಿ ಹಾಕಿ, ಇಂಗ್ಲಿಷ್‌ನಲ್ಲಿ ಓದುತ್ತಾರೆ. ಪಂಚಾಯಿತಿ ಅಧ್ಯಕ್ಷರಿಗೆ ಗೊತ್ತೇ ಆಗುವುದಿಲ್ಲ. ಮೊಟ್ಟೆ ವಿಷಯದಲ್ಲಿ ನಿಮ್ಮ ಜೊತೆ ಜಗಳ ಇದೆ, ಇದರಲ್ಲಿ ನಾನು ಆ ಅಡುಗೆಯವರ ಕಡೆ.

ಕರಿಹಲಗೆ
ಇದು ಚುಚ್ಚಿತು. ನನ್ನ ಪ್ರಬಂಧವೂ ಇಂಗ್ಲಿಷ್‌ನಲ್ಲೇ. ಶೋಧಗಂಗಾದಲ್ಲಿ (ಪಿಎಚ್‌ಡಿ ಪ್ರಬಂಧಗಳ ಜಾಲತಾಣ) ಪಿಡಿಎಫ್ ಹಾಕಿ ಮುಗಿಸುವ ಲೆಕ್ಕ ಇತ್ತು.

@ಫೈಲ್‌ನಂಬರ್ ಸರ್, ನೇರವಾಗಿ ಕೇಳುತ್ತೇನೆ. ನನ್ನ ಕೆಲಸ ಇಷ್ಟು. ಬಿಸಿಯೂಟಕ್ಕೆ ಅಡುಗೆಯವರು ಎಷ್ಟು ಜನ ಅನ್ನುವುದಕ್ಕೆ ಕೇಂದ್ರದ ಲೆಕ್ಕ ಇದೆ. 25 ಮಕ್ಕಳ ತನಕ ಒಬ್ಬರು, 100ರ ತನಕ ಇಬ್ಬರು, ಆಮೇಲೆ ಪ್ರತಿ ನೂರಕ್ಕೆ ಇನ್ನೊಬ್ಬರು. ಕೇಂದ್ರದ ಲೆಕ್ಕದಲ್ಲಿ ಗೌರವಧನ ತಿಂಗಳಿಗೆ 1,000 ರೂಪಾಯಿ, 2009ರಲ್ಲಿ ಇಟ್ಟದ್ದು, ಅದೂ ವರ್ಷಕ್ಕೆ ಹತ್ತೇ ತಿಂಗಳು. ಮೇಲಿನದ್ದು ರಾಜ್ಯ ಸೇರಿಸುತ್ತದೆ. ಈ ಲೆಕ್ಕ ಮಾಡಿದಾಗ ನಮ್ಮಲ್ಲಿ ಹಾಲೂ ಇರಲಿಲ್ಲ, ಮೊಟ್ಟೆಯೂ ಇರಲಿಲ್ಲ. 2024ರಿಂದ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನದ ನೆರವಿನಿಂದ ವಾರಕ್ಕೆ ಆರು ದಿನ ಮೊಟ್ಟೆ. ಮಕ್ಕಳಿಗೆ ಬಹಳ ಒಳ್ಳೆಯದು. ಆದರೆ 180 ಮೊಟ್ಟೆ ಬೇಯಿಸಿ ಸಿಪ್ಪೆ ಬಿಡಿಸುವ ಹೊತ್ತು ಯಾರ ಲೆಕ್ಕದಲ್ಲಿ? ಅದನ್ನು ನಾನು ಗಡಿಯಾರ ಹಿಡಿದು ಅಳೆಯುತ್ತಿದ್ದೇನೆ. ಇದನ್ನು ಯಾರಿಗೆ ಕೊಡಲಿ?

ಫೈಲ್‌ನಂಬರ್
ಈಗ ಸರಿಯಾದ ಪ್ರಶ್ನೆ ಕೇಳಿದಿರಿ ಅಮ್ಮಾ.

ಪ್ರತಿ ವರ್ಷ ರಾಜ್ಯ ಸರ್ಕಾರ ಬಿಸಿಯೂಟಕ್ಕೆ ವಾರ್ಷಿಕ ಕ್ರಿಯಾಯೋಜನೆ ಮತ್ತು ಬಜೆಟ್ ತಯಾರಿಸಿ ದೆಹಲಿಗೆ ಕಳಿಸುತ್ತದೆ. ಅಲ್ಲಿ ಒಂದು ಅನುಮೋದನಾ ಮಂಡಳಿ ಕೂತು ಒಪ್ಪುತ್ತದೆ. ಅಡುಗೆಯವರ ಸಂಖ್ಯೆ, ಗೌರವಧನ ಎಲ್ಲ ಆ ಟಿಪ್ಪಣಿಯಲ್ಲೇ ಬರುತ್ತದೆ. ಆ ಯೋಜನೆ ಇಲ್ಲಿ ತಯಾರಾಗುವ ತಿಂಗಳುಗಳಲ್ಲಿ ನಿಮ್ಮ ಕಾಗದ ಮೇಜಿನ ಮೇಲೆ ಇರಬೇಕು. ಡಿಸೆಂಬರ್ ಒಳಗೆ ಕೊಟ್ಟರೆ ಒಳ್ಳೆಯದು. ಏಪ್ರಿಲ್‌ನಲ್ಲಿ ಕೊಟ್ಟರೆ ಹಾರ ಹಾಕಿ ಸ್ವಾಗತ ಮಾಡುತ್ತಾರೆ, ಅಷ್ಟೇ.

ಉದ್ದ ಬೇಡ. ಒಂದೂವರೆ ಪುಟ. ಮೊದಲ ಸಾಲಿನಲ್ಲೇ ಏನಾಗಬೇಕು ಅಂತ ಹೇಳಿ. ಎರಡನೇ ಸಾಲಿನಲ್ಲಿ ಅದಕ್ಕೆ ಎಷ್ಟು ಖರ್ಚು. ಸೈದ್ಧಾಂತಿಕ ಚೌಕಟ್ಟು ಮನೆಯಲ್ಲೇ ಇರಲಿ. ಇಲಾಖೆಗೆ ಒಂದು ಪ್ರತಿ, ನಿಮ್ಮ ಶಾಸಕರಿಗೆ ಒಂದು, ಅಡುಗೆಯವರ ಸಂಘಕ್ಕೆ ಒಂದು. ಮೂರನೆಯದು ಮರೆಯಬೇಡಿ. ಇಲಾಖೆ ಕಳೆದುಕೊಂಡರೆ ಸಂಘದವರು ಧರಣಿಯಲ್ಲಿ ಅದನ್ನೇ ಓದುತ್ತಾರೆ.

ಅಂಕಿಅಂಶ
ಎಷ್ಟು ಶಾಲೆ ಅಳೆದಿದ್ದೀರಿ ಮೇಡಂ? ಮಾದರಿ ಹೇಗೆ ಆರಿಸಿದಿರಿ?

ಗೊಜ್ಜವಲಕ್ಕಿ
ಬಂದರು ನೋಡಿ.

ಕರಿಹಲಗೆ
24 ಶಾಲೆ, ಎರಡು ತಾಲ್ಲೂಕು. ಚೀಟಿ ಎತ್ತಿಯೇ ಆರಿಸಿದ್ದು ಸರ್, ಬೇವಿನ ಮರ ಇಲ್ಲ. ಒಂದೂವರೆ ಪುಟ ಮೊದಲು ಕನ್ನಡದಲ್ಲಿ ಬರೆಯುತ್ತೇನೆ. ಆ ಅಡುಗೆಯವರಿಗೆ ಓದಿ ಹೇಳಿ, ಅವರು ಸರಿ ಅಂದ ಮೇಲೆ ಬೆಂಗಳೂರಿಗೆ.

ಮೇಷ್ಟ್ರು ಸುರಪುರ
ಮೇಡಂ, ಮೊನ್ನೆ ಕೇಳಿದ್ದಕ್ಕೆ ಉತ್ತರ ತಡವಾಯಿತು. ಸಿಪ್ಪೆ ಬಿಡಿಸುವವರು ಅಡುಗೆಯವರೇ, ಜೊತೆಗೆ ಬಿಡುವಿದ್ದ ಮೇಷ್ಟ್ರು. ನಮ್ಮ ಅಡುಗೆಯಮ್ಮನಿಗೆ ನಿಮ್ಮ ಗಡಿಯಾರದ ವಿಷಯ ಹೇಳಿದೆ. ಅವರು ಒಂದೇ ಮಾತು ಕೇಳಿದರು: "ಆ ಅವ್ವ ಹೊಸಾ ಮೊಟ್ಟೆ ಅಳದಾಳೋ, ನಾಕು ದಿನದ್ದು ಅಳದಾಳೋ?" ಹೊಸ ಮೊಟ್ಟೆಯ ಸಿಪ್ಪೆ ಅಂಟಿಕೊಂಡು ಬರುತ್ತದಂತೆ, ಎರಡರಷ್ಟು ಹೊತ್ತು ಹಿಡಿಯುತ್ತದಂತೆ. ಹಳೆಯದು ಸಲೀಸು.

ಕರಿಹಲಗೆ
ಅಯ್ಯೋ. ಅದನ್ನು ನಾನು ಬರೆದುಕೊಂಡೇ ಇಲ್ಲ.